ಹೊಳೆದಂಡೆಯ ಗುರುತಿನ ಕಲ್ಲು

ಜಗಳೂರು ಸೀಮೆಯ ಪಾಲಣ್ಣ ಟೆಲಿಫೋನ್ ಲೈನ್‌ಮನ್ ಆಗಿ ಹೊನ್ನಾಳಿಗೆ ಬಂದಾಗ ಅವನಿಗೆ ಈಜು ಬರುತ್ತಿರಲಿಲ್ಲ. ಅಷ್ಟು ನೀರನ್ನು ಒಟ್ಟಿಗೆ ನೋಡಿದ್ದೇ ಅವನು ಮೊದಲು. ಇಲಾಖೆಯವರು ಬೇಕಂತಲೇ ಎನ್ನುವ ಹಾಗೆ ಅವನಿಗೆ ಹೊಳೆಯ ಕೆಲಸವನ್ನೇ ಕೊಟ್ಟರು. ಸಾಸ್ವೆಹಳ್ಳಿ ಹತ್ತಿರ ನೆರೆಗೆ ಕಂಬಗಳು ಕೊಚ್ಚಿಹೋಗಿದ್ದವು. ಚನ್ನಗಿರಿಯಿಂದ ನ್ಯಾಮತಿಗೆ ಹೋಗುವ ಲೈನಿಗೆ ಸೀಸದ ಹೊದಿಕೆಯ ಕೇಬಲ್ ತಂದು ತುಂಗಭದ್ರೆಯ ತಳದಲ್ಲಿ ಎಳೆದರು. ದಡದ ಮಣ್ಣಿನೊಳಗೆ ಅದನ್ನು ಜೋಡಿಸಿದವರು ಇಬ್ಬರೇ: ಪಾಲಣ್ಣ ಮತ್ತು ಚನ್ನಗಿರಿಯ ತಿಪ್ಪೇಶಪ್ಪ. ಒಂದೇ ಬುತ್ತಿ ಬಿಚ್ಚಿ ಉಣ್ಣುವಷ್ಟು ಸ್ನೇಹ ಅವರದು.

ಮೊದಲ ವರ್ಷದಲ್ಲೇ ಇಟ್ಟಿಗೆ ಸುಡುವವರು ಮೂರು ಸಲ ಆ ಜಾಗ ಅಗೆದು ಕೇಬಲ್ ಹರಿದರು. ಬೈದದ್ದಾಯಿತು, ಕೈಮುಗಿದದ್ದಾಯಿತು, ಅವರು ಕೇಳುವ ಪೈಕಿ ಅಲ್ಲ. ಕೊನೆಗೆ ಪಾಲಣ್ಣ ಹೊಳೆಯಿಂದ ಒಂದು ಗುಂಡುಕಲ್ಲು ಹೊತ್ತು ತಂದು ಜೋಡಣೆಯ ನೇರ ಮೇಲೆ ನೆಟ್ಟ. ಅರಿಶಿನ ಕುಂಕುಮ ಹಚ್ಚಿದ, ಬೇವಿನ ಸೊಪ್ಪು ಸಿಕ್ಕಿಸಿದ.

"ಇನ್ನು ಯಾವನು ಗುದ್ದಲಿ ಹಾಕ್ತಾನೋ ಹಾಕ್ಲಿ, ನೋಡ್ತೀನಿ" ಎಂದ.

ತಿಪ್ಪೇಶಪ್ಪನಿಗೆ ಅದು ಹಿಡಿಸಲಿಲ್ಲ. "ಬ್ಯಾಡ ಕಣೋ ಪಾಲಣ್ಣ. ನೆಲದಾಗೆ ಇರೋದು ನೆಲದಾಗೇ ಇರ್ಲಿ. ಗುರುತು ಇಟ್ರೆ ಎಲ್ರಿಗೂ ಕಾಣ್ತೈತೆ."

"ಕಾಣ್ಲಿ ಅಂತಾನೇ ಇಟ್ಟಿದ್ದು."

ಕಲ್ಲು ಕೆಲಸ ಮಾಡಿತು. ಎಮ್ಮೆ ಮೇಯಿಸುವ ದುರುಗಕ್ಕ ಮೊದಲ ಮಂಗಳವಾರವೇ ಕಾಯಿ ಒಡೆದಳು. ಊರಿನವರು 'ತಂತಿ ಅಮ್ಮ' ಎಂದು ಹೆಸರಿಟ್ಟರು. ನಾಲ್ಕು ವರ್ಷ ಆ ಕಡೆ ಒಂದು ಗುದ್ದಲಿಯೂ ಬೀಳಲಿಲ್ಲ. ಪಾಲಣ್ಣ ತಾನೇ ಹುಟ್ಟಿಸಿದ ದೇವರಿಗೆ ಒಂದೊಂದು ಸಲ ತಾನೇ ಕೈಮುಗಿಯುತ್ತಿದ್ದ. ಅಷ್ಟು ಹೆಮ್ಮೆ!

ಆಮೇಲೆ ತುರ್ತು ಪರಿಸ್ಥಿತಿ ಬಂತು. ನ್ಯಾಮತಿಯ ಕಸ್ತೂರಮ್ಮನ ಮಗ ಬಸವರಾಜಪ್ಪ ಮೇಷ್ಟರು. ಕರಪತ್ರ ಹಂಚಿದ್ದಕ್ಕೆ ಪೊಲೀಸರು ಹುಡುಕುತ್ತಿದ್ದರು, ಅವನು ತಲೆಮರೆಸಿಕೊಂಡಿದ್ದ. ಪ್ರತಿ ಸೋಮವಾರ ಚನ್ನಗಿರಿ ಕಡೆಯ ಯಾವುದೋ ಫೋನಿನಿಂದ ನ್ಯಾಮತಿಯ ಜವಳಿ ಅಂಗಡಿಗೆ ಮಾತಾಡುತ್ತಿದ್ದ. ಕಸ್ತೂರಮ್ಮ ಸೀರೆ ನೋಡುವವಳಂತೆ ಅಲ್ಲಿ ಕೂತಿರುತ್ತಿದ್ದಳು.

"ಎಮ್ಮೆ ಹೆಂಗೈತವ್ವಾ?"

"ಹುಲ್ಲು ತಿಂತೈತಪ್ಪಾ. ನೀನು?"

ಇಷ್ಟೇ ಮಾತು. ಲೈನ್ ಪರೀಕ್ಷೆ ಮಾಡುವಾಗ ಪಾಲಣ್ಣ ಅದನ್ನು ಕೇಳಿಸಿಕೊಂಡಿದ್ದ. ಕೇಳಬಾರದ್ದು, ಆದರೂ ಸೋಮವಾರ ಬಂದರೆ ಅವನ ಕೈ ತಾನಾಗಿ ಸೊಂಟಕ್ಕೆ ಸಿಕ್ಕಿಸಿದ ಪರೀಕ್ಷೆಯ ರಿಸೀವರಿಗೆ ಹೋಗುತ್ತಿತ್ತು. ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ತಿಪ್ಪೇಶಪ್ಪನೂ ಕೇಳಿಸಿಕೊಂಡಿದ್ದ, ಅವನೂ ಬಾಯಿ ಬಿಡಲಿಲ್ಲ.

ಒಂದು ಸೋಮವಾರ ದನಿ ಸಣ್ಣಗೆ ಕೇಳಿತು. ನಡುವೆ ಇನ್ನೊಂದು ಫೋನು ಸಿಕ್ಕಿಸಿ ಯಾರೋ ಕೇಳುತ್ತಿದ್ದರೆ ಹೀಗೇ ಆಗುವುದು. ಪಾಲಣ್ಣ ರಿಸೀವರ್ ಒರೆಸಿ ಮತ್ತೆ ಕಿವಿಗೆ ಹಿಡಿದ. ತೇವ ಸೇರಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದೇ ದಿನ ಬಸವರಾಜಪ್ಪ ಎಮ್ಮೆಯ ಮಾತು ಬಿಟ್ಟು ಬೇರೆಯದನ್ನೇ ಹೇಳಿದ: "ಗುರುವಾರ ಸೂರಗೊಂಡನಕೊಪ್ಪದ ಹತ್ರ ಬರ್ತೀನವ್ವಾ. ಒಂದ್ಸಲ ಮುಖ ನೋಡಂಗಾಗೈತೆ."

ಗುರುವಾರ ತಾಯಿ ಬಸ್ಸಿಳಿದು ಮಗನ ಕಡೆ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಮರದ ಹಿಂದಿನಿಂದ ಬಂದ ನಾಲ್ವರು ಅವನನ್ನು ಜೀಪಿಗೆ ತುಂಬಿದರು. ರೊಟ್ಟಿಯ ಗಂಟು ಅವಳ ಕೈಯಲ್ಲೇ ಉಳಿಯಿತು.

ಸುದ್ದಿ ಕೇಳಿ ಪಾಲಣ್ಣ ಸೋಮವಾರದ ಆ ಸಣ್ಣ ದನಿಯನ್ನು ನೆನೆದು ಹೊಳೆಗೆ ಓಡಿದ. ಕಲ್ಲು ಇದ್ದಲ್ಲೇ ಇತ್ತು, ಕುಂಕುಮವೂ ಹಸಿಯಾಗಿತ್ತು. ಅದರ ಬೆನ್ನಿಗೆ ಮಾತ್ರ ಮಣ್ಣು ಹೊಸದು. ಕೈಯಿಂದಲೇ ಬಗೆದ. ಸೀಸದ ಹೊದಿಕೆಯನ್ನು ಕೊಯ್ದು ಯಾರೋ ಮತ್ತೆ ಬೆಸೆದಿದ್ದರು. ಅಲ್ಲಿಂದ ಕೂದಲಿನಷ್ಟು ತೆಳುವಾದ ಎರಡು ತಂತಿ ಹೊಂಗೆಯ ಪೊದೆಯವರೆಗೆ ಹೋಗಿ ನಿಂತಿದ್ದವು. ಪೊದೆಯಲ್ಲಿ ಕೂತಿದ್ದವರು ಬೀಡಿ ತುಂಡುಗಳನ್ನಷ್ಟೇ ಬಿಟ್ಟು ಹೋಗಿದ್ದರು. ಅವರು ಯಾರು ಎಂಬುದು ಇವತ್ತಿಗೂ ಗೊತ್ತಾಗಿಲ್ಲ.

ಎಪ್ಪತ್ತೇಳರಲ್ಲಿ ಬಸವರಾಜಪ್ಪ ಬಿಡುಗಡೆಯಾಗಿ ಕಾಲೆಳೆಯುತ್ತ ಊರಿಗೆ ಬಂದ. ಫೋನಿನ ಮಾತನ್ನು ಪೊಲೀಸರಿಗೆ ಮುಟ್ಟಿಸಿದವರು ಯಾರು ಎಂಬ ಮಾತು ಎದ್ದಿತು. ಲೈನ್‌ಮನ್ನರ ಮೇಲೆ ಜನರ ಕಣ್ಣು ಬಿತ್ತು. ಒಂದು ದಿನ ನ್ಯಾಮತಿಯ ಹೋಟೆಲಿನಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಪಾಲಣ್ಣ ಅಂದುಬಿಟ್ಟ: "ಹೊಳೆದಂಡೇಲಿ ಕೇಬಲ್ ಕೊಯ್ದು ಕದ್ದು ಕೇಳವ್ರೆ. ಅದನ್ನ ಜೋಡಿಸಿದ ಜಾಗ ಗೊತ್ತಿದ್ದಿದ್ದು ಇಬ್ರಿಗೇ. ನಾನಂತೂ ಅಲ್ಲ."

ಸುಳ್ಳೆಂದು ಹೇಳಿದ್ದಲ್ಲ, ಹಾಗೆಂದೇ ಅವನು ನಂಬಿದ್ದ. ಆದರೆ ತಿಪ್ಪೇಶಪ್ಪನ ಬದುಕು ಅಲ್ಲಿಗೆ ಮಣ್ಣುಪಾಲಾಯಿತು. ಜನ ಅವನಿಗೆ ಕುಡಿಯಲು ನೀರು ಕೊಡದಾದರು. ನಿಶ್ಚಯವಾಗಿದ್ದ ಮಗಳ ಮದುವೆ ಮುರಿಯಿತು. ಅವನು ಕೆಲಸ ಬಿಟ್ಟು ಚನ್ನಗಿರಿಯ ಮನೆ ಸೇರಿದ. ಪಾಲಣ್ಣ ಆ ಬೀದಿಯಲ್ಲಿ ಹೋಗುವುದನ್ನೇ ನಿಲ್ಲಿಸಿದ.

ಎಂಬತ್ತನಾಲ್ಕರಲ್ಲಿ ಇಲಾಖೆ ಪಾಲಣ್ಣನನ್ನು ಕೇಬಲ್ ಜೋಡಣೆಯ ತರಬೇತಿಗೆಂದು ಮದ್ರಾಸಿಗೆ ಕಳಿಸಿತು. ಅಲ್ಲಿ ಮಂಗಳೂರು ಕಡೆಯ ಅಧಿಕಾರಿಯೊಬ್ಬರು ಒಂದು ಬೆಳಿಗ್ಗೆ ಎಲ್ಲರನ್ನೂ ಸಮುದ್ರ ತೋರಿಸಲು ಕರೆದೊಯ್ದರು. ನೀರಿನ ತಳದಲ್ಲಿ ಸಾವಿರಾರು ಮೈಲಿ ಹೋಗುವ ಕೇಬಲ್ ದಡಕ್ಕೆ ಬರುವ ಜಾಗ ಅದು. ದಡದ ಮೇಲೆ ದೊಡ್ಡ ಬೋರ್ಡು ನಿಲ್ಲಿಸಿದ್ದರು: ಇಲ್ಲಿ ಲಂಗರು ಹಾಕಬಾರದು.

"ಇದು ಮೀನುಗಾರರಿಗೆ ಹಾಕಿದ ಬೋರ್ಡು" ಎಂದರು ಅಧಿಕಾರಿ. "ಆದರೆ ಬೇರೆ ದೇಶದ ಸಬ್‌ಮರೀನಿನವರಿಗೂ ಓದಲಿಕ್ಕೆ ಬರುತ್ತದಲ್ಲ! ಕೇಬಲ್ ಎಲ್ಲಿದೆ ಎಂದು ಅವರು ಸಮುದ್ರವೆಲ್ಲ ಹುಡುಕಬೇಕಾಗಿಲ್ಲ. ಕತ್ತರಿಸುವುದೂ ಬೇಡ. ತಳದಲ್ಲಿ ಕೇಬಲ್ಲಿನ ಸುತ್ತ ಕದ್ದು ಕೇಳುವ ಒಂದು ಪೆಟ್ಟಿಗೆ ತೊಡಿಸಿಟ್ಟು ತಿಂಗಳುಗಟ್ಟಲೆ ಕೇಳಿಸಿಕೊಳ್ಳಬಹುದು. ಕಾಪಾಡಲಿಕ್ಕೆ ಹಾಕಿದ ಗುರುತೇ ದಾರಿ ತೋರಿಸಿಬಿಡುತ್ತದೆ."

ಉಳಿದವರು ನಕ್ಕರು. ಪಾಲಣ್ಣ ಮರಳಿನ ಮೇಲೆ ಕೂತುಬಿಟ್ಟ. ಬಿಸಿಲೇರಿತೆಂದು ಯಾರೋ ನೀರು ಕೊಟ್ಟರು. ಅವನ ಕಣ್ಣ ಮುಂದೆ ಇದ್ದದ್ದು ಅರಿಶಿನ ಹಚ್ಚಿದ ಒಂದು ಗುಂಡುಕಲ್ಲು.

ಮದ್ರಾಸಿನಿಂದ ಬಂದವನು ಮನೆಗೆ ಹೋಗದೆ ನೇರ ಚನ್ನಗಿರಿಗೆ ಹೋದ. ತಿಪ್ಪೇಶಪ್ಪನ ಹೆಂಡತಿ ಕಲ್ಲಮ್ಮ ಬಾಗಿಲಲ್ಲಿ ಅವನನ್ನು ಕಂಡು ಒಳಗೆ ಸರಿದಳು. ತಿಪ್ಪೇಶಪ್ಪ ಜಗಲಿಗೆ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ತಿಪ್ಪೇಶಣ್ಣಾ, ಜಾಗ ತೋರ್ಸಿದ್ದು ನೀನಲ್ಲ. ನನ್ನ ಕಲ್ಲು."

"ಗೊತ್ತೈತೆ. ಸರ್ವೆಯೋರು ಅಂತ ಇಬ್ರು ಬಂದು ದುರುಗಕ್ಕನ್ನ ಕೇಳಿದ್ರಂತೆ, ಲೈನು ಎಲ್ಲೈತೆ ಅಂತ. ಆಯಮ್ಮ ದೇವ್ರ ಕಲ್ಲು ತೋರ್ಸಿದ್ಲಂತೆ. ಆಯಮ್ಮಂದೇನು ತಪ್ಪು?"

"ಮತ್ತೆ ಯಾಕೆ ಸುಮ್ನಿದ್ದೆ?"

"ಊರು ನನ್ನ ಮಾತು ಕೇಳಂಗಿತ್ತಾ? ನೀನು ಕೇಳಂಗಿದ್ದಾ?"

ಪಾಲಣ್ಣ ಅವನ ಕಾಲು ಹಿಡಿಯಲು ಬಗ್ಗಿದ. ತಿಪ್ಪೇಶಪ್ಪ ಹಿಂದೆ ಸರಿದ.

"ಆ ಕಲ್ಲು ಕಿತ್ತಿದೀಯೇನು?"

"ಎಲ್ಲಿ ಕೀಳಾಕೆ ಆಗ್ತೈತೆ? ಸಿಮೆಂಟ್ ಕಟ್ಟೆ ಕಟ್ಸವ್ರೆ. ಮುಟ್ಟಿದ್ರೆ ಊರೋರು ಕಡಿದು ಹಾಕ್ತಾರೆ."

"ಕೇಬಲ್ಲು?"

"ಅಲ್ಲೇ ಐತೆ."

ತಿಪ್ಪೇಶಪ್ಪ ಬಾಗಿಲ ಕಡೆ ತಿರುಗಿದ.

"ಹಂಗಾದ್ರೆ ಈಗ್ಲೂ ಯಾರೋ ಕೇಳ್ತಾ ಕೂತಿರ್ತಾರೆ ಬಿಡು" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.