ಮುನ್ಸೀಫರ ಆಯ್ಕೆಯಲ್ಲಿ ನನ್ನದೊಂದು ಮಾತು

ನಮ್ಮ ಮುನ್ಸೀಫರು ಬೇರೆ ಊರಿಗೆ ವರ್ಗವಾಗಿ ಹೋದ ಮೇಲೆ ಮಧುಗಿರಿಯ ಕೋರ್ಟಿನ ಕುರ್ಚಿ ಐದಾರು ತಿಂಗಳು ಖಾಲಿ ಇತ್ತು. ಆ ವರ್ಷ ಸಂಸ್ಥಾನದಲ್ಲಿ ಇನ್ನೂ ಕೆಲವು ಜಾಗಗಳು ತೆರವಾಗಿದ್ದವು. ಹೊಸಬರ ಆಯ್ಕೆ ಮುಗಿಯುವ ತನಕ ನಮ್ಮೂರಿಗೂ ಯಾರೂ ಬರುವಂತಿರಲಿಲ್ಲ. ಶಿರಸ್ತೇದಾರರು ಬೆಳಿಗ್ಗೆ ಕೇಸುಗಳ ಪಟ್ಟಿ ಓದಿ, ಎಲ್ಲಕ್ಕೂ ಮುಂದಿನ ತಾರೀಖು ಹಾಕುವರು. ವಕೀಲರಾದ ನಾವು ಕೋಟನ್ನು ತೋಳಿನ ಮೇಲೆ ಹಾಕಿಕೊಂಡು, ಬೆಟ್ಟದ ಕಾವು ಏರುವ ಮೊದಲೇ ಮನೆ ಸೇರುವೆವು.

ಬಡವನಹಳ್ಳಿ ಕಡೆಯ ಕುರಿ ಸಾಕುವ ಹೆಂಗಸೊಬ್ಬಳು ನನ್ನ ಕಕ್ಷಿಗಾರಳು. ಗಂಡ ಸತ್ತ ಮೇಲೆ ಕುರಿಹಟ್ಟಿಯ ಜಾಗ ತನ್ನದೆಂದು ಮೈದುನ ಬೇಲಿ ಹಾಕಿದ್ದ. ಪ್ರತಿ ತಾರೀಖಿಗೂ ಅವಳು ನಡೆದೇ ಬರುತ್ತಿದ್ದಳು.

“ದೊರೆ ಬಂದ್ರಾ ಸ್ವಾಮಿ?”

“ಇಲ್ಲ ಕಣಮ್ಮ. ಇನ್ನೂ ಆರಿಸಿಲ್ಲ.”

“ಹೆಣ್ಣಿಗೆ ಗಂಡು ಹುಡುಕಾಕೂ ಇಷ್ಟು ದಿನ ಹಿಡಿಯಾಕಿಲ್ವಲ್ಲ! ಅದೆಂಗೆ ಆರುಸ್ತಾರೆ?”

ಹೇಗೆಂದು ನನಗೆ ಚೆನ್ನಾಗಿ ಗೊತ್ತಿತ್ತು. ವಕೀಲನ ಅರ್ಜಿ ಮೊದಲು ತುಮಕೂರಿನ ಜಿಲ್ಲಾ ನ್ಯಾಯಾಧೀಶರಿಗೆ ಹೋಗಬೇಕು. ಅವರು ನಾಲ್ಕು ಜನರನ್ನು ಗುಟ್ಟಾಗಿ ವಿಚಾರಿಸಿ ತಮ್ಮ ಅಭಿಪ್ರಾಯ ಬರೆಯುತ್ತಾರೆ. ಅದು ಹೈಕೋರ್ಟಿಗೆ, ಅಲ್ಲಿಂದ ಸರ್ಕಾರಕ್ಕೆ. ಅಲ್ಲಿ ಊರು, ಜಾತಿ, ವಯಸ್ಸು ಎಲ್ಲವನ್ನೂ ತೂಗಿ ನೋಡುತ್ತಾರೆ. ನಾನೂ ಎರಡು ಸಲ ಅರ್ಜಿ ಹಾಕಿದ್ದೆ. ಒಂದು ಸಲ ಬೆಂಗಳೂರಿಗೆ ಕರೆಸಿ, ಹತ್ತು ನಿಮಿಷ ಮಾತಾಡಿಸಿ ಕಳಿಸಿದ್ದರು. ಎರಡನೆಯ ಸಲ ಉತ್ತರವೇ ಬರಲಿಲ್ಲ. ಅಷ್ಟರಲ್ಲಿ ವಯಸ್ಸಿನ ಮಿತಿ ದಾಟಿತು. ಇದನ್ನೆಲ್ಲ ಅವಳಿಗೆ ಹೇಳಲು ಬೇಸರವಾಗಿ, “ಮೇಲಿನವರು ಆರಿಸ್ತಾರಮ್ಮ” ಎಂದಷ್ಟೇ ಹೇಳಿದೆ.

ಆ ಸಲ ನಮ್ಮೂರಿಂದ ಅರ್ಜಿ ಹಾಕಿದ್ದವನು ನನ್ನ ಗೆಳೆಯ. ಪಾವಗಡದವನು, ನನಗಿಂತ ಐದು ವರ್ಷ ಚಿಕ್ಕವನು, ಹತ್ತು ವರ್ಷದಿಂದ ನನ್ನ ಎದುರು ಮನೆಯಲ್ಲೇ ಇದ್ದವನು. ಕಾನೂನು ನನಗಿಂತ ಚೆನ್ನಾಗಿ ಬಲ್ಲ. ಸಿಟ್ಟು ಬಂದರೆ ಮಾತ್ರ ಅವನ ಕನ್ನಡ ತೆಲುಗಿಗೆ ತಿರುಗುತ್ತಿತ್ತು. ಒಮ್ಮೆ ಸುಳ್ಳುಸಾಕ್ಷಿ ಹೇಳಿದವನ ಮುಂದೆ ಕಾಗದದ ಕಟ್ಟನ್ನೇ ಎಸೆದು ಮುನ್ಸೀಫರಿಂದ ಬೈಸಿಕೊಂಡಿದ್ದ.

ಜಿಲ್ಲಾ ನ್ಯಾಯಾಧೀಶರು ಕೋರ್ಟಿನ ತನಿಖೆಗೆ ಬಂದು ಸರ್ಕಾರಿ ಬಂಗಲೆಯಲ್ಲಿ ಇಳಿದಿದ್ದಾಗ ನನ್ನನ್ನು ಕರೆಸಿದರು. ಕೂರಲು ಹೇಳಿ, ಗೆಳೆಯನ ಅರ್ಜಿಯನ್ನು ಮೇಜಿನ ಮೇಲಿಟ್ಟರು.

“ನೀವು ಇವರನ್ನು ಬಹಳ ದಿನದಿಂದ ಬಲ್ಲಿರಿ. ಹೇಗೆ?”

“ಬುದ್ಧಿವಂತರು ಸ್ವಾಮಿ. ಕೈ ಶುದ್ಧ.”

“ತಾಳ್ಮೆ?”

ನಾನು ಮೊದಲು ಮೇಜಿನ ಮೇಲಿದ್ದ ಅರ್ಜಿಯ ಕಡೆ ನೋಡಿದೆ. ಆ ತಡವೇ ಸಾಕಾಗಿತ್ತೇನೋ. ಆಮೇಲೆ, “ಕೋಪ ಸ್ವಲ್ಪ ಮುಂದು” ಎಂದೆ. ಅವರು ಏನನ್ನೋ ಬರೆದುಕೊಂಡು ನನ್ನನ್ನು ಕಳಿಸಿಕೊಟ್ಟರು. ನಿಜ ಹೇಳಿದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ನನಗೆ ಸಿಗದ್ದು ಅವನಿಗೆ ಸಿಗಬಾರದೆಂದು ಹೇಳಿದೆನೋ ಏನೋ. ಇಂದಿಗೂ ಗೊತ್ತಿಲ್ಲ.

ಮತ್ತೆರಡು ತಿಂಗಳು ತಾರೀಖುಗಳಲ್ಲೇ ಕಳೆದವು. ಮೈದುನನ ಪರ ವಕೀಲ ಈ ಗೆಳೆಯನೇ. ಒಂದು ದಿನ ಕೇಸು ಮತ್ತೆ ಮುಂದಕ್ಕೆ ಹೋದಾಗ ಆ ಹೆಂಗಸು ಕೋರ್ಟಿನ ಜಗಲಿಯಲ್ಲಿ ಕುಸಿದು ಕುಳಿತಳು. ಗೆಳೆಯ ಬಂದು ಅವಳನ್ನು ನೋಡಿದ. ಮೈದುನನ ರಟ್ಟೆ ಹಿಡಿದು ಎಳೆದುತಂದು ಅವಳ ಎದುರಿಗೆ ಕೂರಿಸಿದ.

“ಏಮಿರಾ, ಸಿಗ್ಗು ಲೇದಾ ನೀಕು? ನಾಚಿಕೆ ಇಲ್ವೇನೋ? ಅತ್ತಿಗೇನ ಹೀಗೆ ನಡೆಸ್ತೀಯಲ್ಲ! ನಿಮ್ಮಣ್ಣ ಅಲ್ಲಿ ಎಷ್ಟು ವರ್ಷ ಕುರಿ ಕೂಡಿ ಹಾಕಿದ್ದ, ಹೇಳು!”

“ಅಂಗಂದ್ರೆ ಸ್ವಾಮಿ, ನೀವು ನನ್ ಕಡೆಯೋರಲ್ವಾ?”

“ನಿನ್ನ ಕಡೆಯವನಾದ್ದಕ್ಕೇ ಹೇಳ್ತಿರೋದು!”

ಒಂದು ಗಂಟೆ ಕೂಗಾಡಿದ. ಅವಳನ್ನೂ ಬಿಡಲಿಲ್ಲ. ಹೊಲದ ಅಂಚಿನ ಹುಣಸೆಮರ ತನ್ನದೆಂದು ಅವಳು ಹಟ ಹಿಡಿದದ್ದು ಸುಳ್ಳೆಂದು ಒಪ್ಪಿಸಿದ. ಸಂಜೆಗೆ ಹಟ್ಟಿ ಅವಳಿಗೆ, ಮರ ಮೈದುನನಿಗೆ ಎಂದಾಯಿತು. ರಾಜಿಪತ್ರ ಬರೆದವನು ನಾನು. ಹೋಗುವಾಗ ಅವಳು ನನಗೆ ಕೈಮುಗಿದು, ಗೆಳೆಯನ ಕಡೆ ತೋರಿಸಿ, “ಈ ಸ್ವಾಮೀನೇ ದೊರೆ ಮಾಡ್ಬುಡಬೌದಿತ್ತಲ್ಲ” ಎಂದಳು.

ಮುಂದಿನ ವಾರ ಗೆಜೆಟ್ಟಿನಲ್ಲಿ ಆಯ್ಕೆಯಾದವರ ಹೆಸರುಗಳು ಬಂದವು. ಅವನದು ಇರಲಿಲ್ಲ. ಮುಂದಿನ ಆಯ್ಕೆಯ ಹೊತ್ತಿಗೆ ಅವನಿಗೂ ವಯಸ್ಸು ಮೀರುತ್ತಿತ್ತು.

ನಾನು ಅವನ ಮನೆಗೆ ಹೋದೆ. ಜಗಲಿಯಲ್ಲಿ ಪೇಪರು ಮಡಚಿಟ್ಟುಕೊಂಡು ಕುಳಿತಿದ್ದ. ಬಂಗಲೆಯಲ್ಲಿ ನಡೆದದ್ದನ್ನು ಒಂದೂ ಬಿಡದೆ ಹೇಳಿದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ನನಗೆ ಕೋಪ ಇರೋದು ನಿಜ ತಾನೇ?”

“ನಿಜ.”

“ಮತ್ತೆ ಇದನ್ನ ನನಗೆ ಹೇಳೋಕೆ ಯಾಕೆ ಬಂದೆ ಮಾರಾಯ? ಹೇಳದೆ ಇದ್ದಿದ್ರೆ ನಾಳೆ ಬೆಳಿಗ್ಗೆ ನಿನ್ನ ಮುಖ ನೋಡೋದು ಸುಲಭವಾಗ್ತಿತ್ತು.”

ಅವನು ಎದ್ದು ಒಳಗೆ ಹೋದ. ಮೂರು ವಾರ ನಮ್ಮಿಬ್ಬರಲ್ಲಿ ಮಾತಿರಲಿಲ್ಲ. ನಂತರ ಕೊರಟಗೆರೆಯ ಒಂದು ಕೇಸಿನ ಕಾಗದ ಬೇಕಾಗಿ ತಾನೇ ಬಂದು ಬಾಗಿಲು ತಟ್ಟಿದ. ಆಮೇಲೆ ಮಾತು ಮೊದಲಿನಂತೆಯೇ ನಡೆಯಿತು, ಆಯ್ಕೆಯ ವಿಷಯವೊಂದನ್ನು ಬಿಟ್ಟು.

ಹೊಸ ಮುನ್ಸೀಫರು ಮೈಸೂರು ಕಡೆಯಿಂದ ಬಂದರು. ಒಳ್ಳೆಯವರು, ಬಹಳ ತಾಳ್ಮೆಯವರು. ಸಾಕ್ಷಿಗಳು ಹೇಳಿದ ಪ್ರತಿ ಮಾತನ್ನೂ ನಿಧಾನವಾಗಿ ಬರೆದುಕೊಳ್ಳುತ್ತಿದ್ದರು. ಗೆಳೆಯ ನನ್ನ ಪಕ್ಕದ ಬೆಂಚಿನಲ್ಲಿ ಕೈಕಟ್ಟಿ ಕೂತು, ಅವರ ಲೇಖನಿ ನಿಲ್ಲುವುದನ್ನೇ ಕಾಯುತ್ತಿದ್ದ. ಅವನು ಕೂಗಾಡುವುದನ್ನು ನಾನು ಮತ್ತೆ ಕೇಳಲಿಲ್ಲ.