ಅಮ್ಮನ ಮಂಡಿ, ಟವೆಲಿನ ಹಂಸ

ಮೈ ಒರೆಸಿಕೊಳ್ಳುವ ಟವೆಲನ್ನು ಹಂಸದ ಆಕಾರಕ್ಕೆ ಮಡಿಸಿ ಹಾಸಿಗೆಯ ನಟ್ಟನಡುವೆ ಕೂರಿಸುವ ಪದ್ಧತಿಯನ್ನು ಯಾವ ಪುಣ್ಯಾತ್ಮ ಆರಂಭಿಸಿದನೋ ತಿಳಿಯದು. ರಜೆಗೆ ಎಲ್ಲಿ ಉಳಿದುಕೊಳ್ಳುವುದೆಂದು ಮೊಬೈಲಿನಲ್ಲಿ ಕೋಣೆಗಳ ಚಿತ್ರ ನೋಡುತ್ತಾ ಹೋದಾಗ ನಿಮಗೂ ಅದು ಕಾಣಿಸಿರಬೇಕು: ಊರು ಯಾವುದೇ ಆಗಲಿ, ಹಾಸಿಗೆಯ ಮೇಲೊಂದು ಬಿಳಿಯ ಹಂಸ ಕತ್ತು ಬಗ್ಗಿಸಿಕೊಂಡು ಕುಳಿತಿರುತ್ತದೆ. ನನ್ನ ಹೆಂಡತಿ ವನಜಾಳ ಪ್ರಕಾರ ಹಂಸವಿರುವ ಕೋಣೆ ಶುಚಿಯಾಗಿರುತ್ತದೆ. ಟವೆಲಿಗೇ ಇಷ್ಟು ಆಸ್ಥೆ ತೋರುವವರು ಬಚ್ಚಲನ್ನು ತಿಕ್ಕದೆ ಬಿಟ್ಟಾರೆಯೇ ಎಂಬುದು ಅವಳ ತರ್ಕ. ನನ್ನ ತರ್ಕ ತದ್ವಿರುದ್ಧ: ಟವೆಲೊಂದು ಹಂಸವಾಗಬೇಕಾದರೆ ಎಷ್ಟು ಕೈಗಳು ಅದನ್ನು ಎಷ್ಟು ಹೊತ್ತು ಹಿಸುಕಿರಬೇಕು! ಅದರಲ್ಲಿ ಮುಖ ಒರೆಸಿಕೊಳ್ಳಲು ನನಗೆ ಮನಸ್ಸಾಗದು.

ದಾಂಪತ್ಯದಲ್ಲಿ ಮತಭೇದಕ್ಕೆ ಘನವಾದ ವಿಷಯಗಳೇ ಬೇಕೆಂದೇನಿಲ್ಲ ಎಂಬುದಕ್ಕೆ ನಾವಿಬ್ಬರೇ ಸಾಕ್ಷಿ. ಕಡೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡು ಊರವರ ದೃಷ್ಟಿದೋಷ ತಿದ್ದುವ ನಾನು, ಅಜ್ಜಂಪುರದಿಂದ ಬಂದು ನನ್ನ ದೃಷ್ಟಿಕೋನ ತಿದ್ದುವ ಅವಳು, ಇಪ್ಪತ್ತು ವರ್ಷಗಳಲ್ಲಿ ಒಂದೇ ಒಂದು ಲಾಡ್ಜನ್ನೂ ಏಕಾಭಿಪ್ರಾಯದಿಂದ ಆರಿಸಿದವರಲ್ಲ. ಒಮ್ಮೆ ದೇವಸ್ಥಾನದ ಊರೊಂದರಲ್ಲಿ ನನ್ನ ಹಟಕ್ಕೆ ಬಸ್ ನಿಲ್ದಾಣದ ಎದುರಿನ ಕೋಣೆ ಹಿಡಿದೆವು. ಎರಡು ದಿನವೂ ಕಂಡಕ್ಟರುಗಳು ನಮ್ಮ ಕಿಟಕಿಯ ಕೆಳಗೇ ನಿಂತು ಊರುಗಳ ಸಹಸ್ರನಾಮ ಪಠಿಸಿದರು. ಮರುವರ್ಷ ಅವಳ ಹಟಕ್ಕೆ ಊರಾಚೆಯ ಮನೆಯೊಂದನ್ನು ಹಿಡಿದೆವು. ಅಲ್ಲಿನ ಪ್ರಶಾಂತತೆ ಎಂಥದೆಂದರೆ ಒಂದು ಲೋಟ ಕಾಫಿಗೆ ಮೂರು ಕಿಲೋಮೀಟರು ನಡೆಯಬೇಕಾಯಿತು. ನಡೆದಷ್ಟು ದೂರವೂ ನಾನು ಗೊಣಗಿದ್ದನ್ನು ಅವಳು ಇಂದಿಗೂ ನೆಂಟರೆದುರು ನಟಿಸಿ ತೋರಿಸುತ್ತಾಳೆ.

ಈ ಸಲದ ವಿವಾದಕ್ಕೆ ಮಾತ್ರ ಹೊಸದೊಂದು ಗಾಂಭೀರ್ಯ ಪ್ರಾಪ್ತವಾಗಿತ್ತು. ಮಗಳಿಗೆ ಡಿಸೆಂಬರಿನಲ್ಲಿ ಮೂರು ದಿನ ರಜೆ ಸಿಕ್ಕಿತ್ತು. ಲಿಂಗದಹಳ್ಳಿಯಿಂದ ಬೆಟ್ಟಕ್ಕೆ ಏರುವ ರಸ್ತೆಯಲ್ಲಿ ಎಲ್ಲಾದರೂ ಉಳಿದು ಜಲಪಾತ ನೋಡಿ ಬರೋಣವೆಂದು ನಿಶ್ಚಯಿಸಿದಾಗ, ಎಂದೂ ಯಾವ ಪ್ರವಾಸಕ್ಕೂ ಬಾರದ ನನ್ನ ಅಮ್ಮ, 'ನಾನೂ ಬತ್ತೀನಿ' ಎಂದುಬಿಟ್ಟಳು. ಅಮ್ಮನಿಗೆ ಎಪ್ಪತ್ತನಾಲ್ಕು. ಯಗಟಿಯ ಹತ್ತಿರದ ನಮ್ಮ ಹೊಲದಲ್ಲಿ ಜೀವಮಾನವೆಲ್ಲ ದುಡಿದು, ಮಂಡಿ ಸವೆದ ಮೇಲೆ ನಮ್ಮ ಜೊತೆ ಕಡೂರಿಗೆ ಬಂದವಳು. ಮದುವೆ, ತಿಥಿ, ಆಸ್ಪತ್ರೆಗಳನ್ನು ಬಿಟ್ಟು ಬೇರೆ ಕಾರಣಕ್ಕೆ ಅವಳು ಮನೆಯ ಹೊರಗೆ ಮಲಗಿದ್ದನ್ನು ನಾನು ಕಂಡಿಲ್ಲ.

ಅಮ್ಮ ಬರುತ್ತಾಳೆಂದದ್ದೇ ತಡ, ನಮ್ಮಿಬ್ಬರ ವಾದಕ್ಕೂ ಧರ್ಮದ ಬಲ ಬಂದಿತು. ನಾನು ಬೆಟ್ಟದ ಕೆಳಗೆ, ರಸ್ತೆಗೆ ಅಂಟಿಕೊಂಡ ಒಂದು ಮನೆಯನ್ನು ಆರಿಸಿದೆ: ಒಂದೇ ಮೆಟ್ಟಿಲು, ಕುರ್ಚಿಯಂಥ ಕಕ್ಕಸು, ಸ್ವಂತ ಅಡುಗೆಮನೆ. 'ಅಮ್ಮನ ಮಂಡಿ ನೋಡ್ಬೇಕಲ್ಲ' ಎಂದೆ. ವನಜ ಬೆಟ್ಟದ ನಡುವಿನ ಇನ್ನೊಂದನ್ನು ಆರಿಸಿದಳು. ಅಲ್ಲಿ ಕೆಳಗೊಂದು ಕೋಣೆ, ಮಹಡಿಯ ಮೇಲೊಂದು ಕೋಣೆ, ಊಟ ಮನೆಯವರದೇ. 'ರೀ, ಅತ್ತೆಗೆ ಬಿಸಿ ಮುದ್ದೆ ಮಾಡಿಕೊಡ್ತಾರಂತೆ ಕಣ್ರೀ, ಕೆಳಗಿನ ರೂಮ್ ಕೊಡ್ತಾರೆ, ಇನ್ನೇನ್ ಬೇಕು?' ಎಂದಳು. ಹೀಗೆ ನಾಲ್ಕು ದಿನ ಅಮ್ಮನ ಮಂಡಿಗೂ ಅಮ್ಮನ ಹೊಟ್ಟೆಗೂ ನಡುವೆ ನಮ್ಮ ನಡುಮನೆಯಲ್ಲಿ ವ್ಯಾಜ್ಯ ನಡೆಯಿತು.

ಓದುಗ ಮಿತ್ರರೇ, ನಿಮ್ಮೆದುರು ಮುಚ್ಚಿಡುವುದೇನು? ನನಗೆ ಬೇಕಿದ್ದದ್ದು ವನಜಾಳ ಕೈಯಡುಗೆ. ಪರಸ್ಥಳದ ಸಾರು ನನ್ನ ಜಠರಕ್ಕೆ ಒಗ್ಗುವುದಿಲ್ಲ. ಜೊತೆಗೆ ಬೆಟ್ಟದ ತಿರುವುಗಳಲ್ಲಿ ಕಾರು ಓಡಿಸಲು ನನಗೆ ಪುಕ್ಕಲು. ಅವಳಿಗೆ ಬೇಕಿದ್ದದ್ದು ಮೂರು ದಿನ ಒಲೆಯ ಮುಖ ನೋಡದಿರುವುದು. ಎರಡೂ ನ್ಯಾಯವಾದ ಆಸೆಗಳೇ. ಆದರೆ ಗಂಡಹೆಂಡಿರ ನಡುವೆ 'ನನಗೆ ಬೇಕು' ಎಂಬ ಮಾತು ಅದೇಕೋ ಸ್ವಾರ್ಥದಂತೆ ಕೇಳಿಸುತ್ತದೆ. ಆದ್ದರಿಂದ ಅರ್ಜಿ ನಮ್ಮದಾಗಿದ್ದರೂ ರುಜು ಮಾತ್ರ ಇನ್ನೊಬ್ಬರದು ಹಾಕುತ್ತೇವೆ. ಮಕ್ಕಳು ಚಿಕ್ಕವರಿದ್ದಾಗ ಮಕ್ಕಳ ಹೆಸರು, ದೊಡ್ಡವರಾದ ಮೇಲೆ ಹಿರಿಯರ ಹೆಸರು. ಅದನ್ನು ನಾವು ಅಕ್ಕರೆ ಎಂದೇ ನಂಬಿರುತ್ತೇವೆ, ಅದರಲ್ಲಿ ಸ್ವಲ್ಪ ಅಕ್ಕರೆ ಇರುವುದೂ ನಿಜ.

ಐದನೆಯ ದಿನ ಬೆಳಿಗ್ಗೆ ಅಮ್ಮ ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ ಹೇಳಿದಳು: 'ನನ್ನ ಒಂದು ಮಂಡಿಗೋಸ್ಕರ ನೀವ್ಯಾಕೆ ಕಿತ್ತಾಡ್ತೀರ? ನೀವ್ ಮೂರು ಜನ ಹೋಗ್ಬನ್ನಿ. ನಾನು ಯಗಟಿಗೆ ತಂಗಿ ಮನೆಗೆ ಹೋಗಿರ್ತೀನಿ.' ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟವಾದದ್ದು. ವನಜ ಬೇಡಿಕೊಂಡಳು, ನಾನು ಬೇಡಿಕೊಂಡೆ, ಅಮ್ಮ ಜಗ್ಗಲಿಲ್ಲ. ಜೀವನದಲ್ಲಿ ಒಂದೇ ಸಲ ಬಾಯಿಬಿಟ್ಟು ಬರುತ್ತೇನೆಂದವಳನ್ನು ನಾವಿಬ್ಬರೂ ಸೇರಿ ಬೇಡವೆನ್ನುವಂತೆ ಮಾಡಿದ್ದೆವು. ಆ ದಿನ ಅಂಗಡಿಯ ಬಾಗಿಲು ತೆರೆಯುವಾಗ ನನಗೆ ನನ್ನ ಮೇಲೇ ಅಸಹ್ಯವಾಗುತ್ತಿತ್ತು.

ಮಧ್ಯಾಹ್ನ ದೇವನೂರು ಕಡೆಯ ಹಿರಿಯರೊಬ್ಬರು ಮಗನ ಜೊತೆ ಕಣ್ಣು ತೋರಿಸಲು ಬಂದರು. ನನ್ನ ಕಸುಬಿನ ಅರ್ಧ ಭಾಗ ಒಂದೇ ಪ್ರಶ್ನೆ. ಗಾಜು ಬದಲಿಸುತ್ತಾ, 'ಇದು ಚೆನ್ನಾಗಿ ಕಾಣುತ್ತಾ, ಅದಾ?' ಎಂದು ಕೇಳುತ್ತಲೇ ಇರಬೇಕು. ಏಕೆಂದರೆ ಇನ್ನೊಬ್ಬರ ಕಣ್ಣೊಳಗೆ ಕೂತು ನೋಡುವ ಯಂತ್ರ ನನ್ನ ಬಳಿ ಇಲ್ಲ. ಹಿರಿಯರು ಯೋಚಿಸುತ್ತಿದ್ದರು. ಅಷ್ಟರಲ್ಲಿ ಮಗ, 'ಅದೇ ಚೆನ್ನಾಗ್ ಕಾಣ್ತದೆ ಸಾರ್, ಅದನ್ನೇ ಹಾಕ್ಬಿಡಿ' ಎಂದ. ನನಗೆ ರೇಗಿತು. 'ಕಣ್ಣು ಅವರ್ದು ಕಣಪ್ಪಾ, ನೀನ್ಯಾಕ್ ಹೇಳ್ತೀಯ? ಅವರನ್ನ ಹೇಳಕ್ ಬಿಡು' ಎಂದು ಗದರಿದೆ. ಗದರಿದ ಮಾತು ಅವನನ್ನು ಮುಟ್ಟಿತೋ ಇಲ್ಲವೋ, ನನ್ನನ್ನಂತೂ ಮುಟ್ಟಿತು. ಊರಿನ ಅರ್ಧ ಜನರನ್ನು ಈ ಪ್ರಶ್ನೆ ಕೇಳಿದ ನಾನು ಅಮ್ಮನನ್ನು ಕೇಳಿರಲಿಲ್ಲ.

ಸಂಜೆ ಮನೆಗೆ ಬಂದು ವನಜಾಳಿಗೆ ನಡೆದದ್ದನ್ನು ಹೇಳಿದೆ. ಅವಳು ಮಗಳ ಕೈಯಿಂದ ಮೊಬೈಲು ತೆಗೆದುಕೊಂಡು ಅಮ್ಮನ ಪಕ್ಕ ಕುಳಿತು, ಎರಡೂ ಮನೆಗಳ ಚಿತ್ರ ತೋರಿಸಿ, 'ನಿಮಗ್ಯಾವ್ದು ಇಷ್ಟ ಅತ್ತೆ?' ಎಂದಳು. ಅಮ್ಮ ಮೊದಲು ಬೇಡವೆಂದಳು, ಆಮೇಲೆ ಕನ್ನಡಕ ಹಾಕಿಕೊಂಡಳು. ಬಹಳ ಹೊತ್ತು ನೋಡಿದಳು. ಬೆಟ್ಟದ ನಡುವಿನ ಮನೆಯ ಒಂದು ಚಿತ್ರದ ಮೇಲೆ ಬೆರಳಿಟ್ಟು, 'ಈ ಮೆಟ್ಲು ಎಲ್ಲಿಗೆ ಹೋಗ್ತದೆ?' ಎಂದು ಕೇಳಿದಳು. ಮಹಡಿಯ ಕೋಣೆಗೆ ಎಂದೆ. 'ಅಲ್ಲೇ ಇರಾಣ ಕಣೋ' ಎಂದಳು.

'ಆಗಲ್ಲ!' ಎಂದು ನಾನೂ ವನಜಾಳೂ ಒಂದೇ ಉಸಿರಿಗೆ ಕೂಗಿದೆವು. ಇಪ್ಪತ್ತು ವರ್ಷಗಳಲ್ಲಿ ವಸತಿಯ ವಿಷಯದಲ್ಲಿ ನಮಗೆ ದೊರೆತ ಪ್ರಥಮ ಏಕಾಭಿಪ್ರಾಯ ಅದು. ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. 'ಹೊಲದಲ್ಲಿ ಕಳೆ ಕಿತ್ತು ಕಿತ್ತು ಸೊಂಟ ನೋವು ಬಂದು ಎದ್ದು ನಿಂತಾಗಲೆಲ್ಲ ಕಾಣ್ತಿದ್ದಿದ್ದು ಆ ಗುಡ್ಡಾನೇ. ಇಷ್ಟ್ ವರ್ಷ ಇಲ್ಲಿಂದ ಅದನ್ನ ನೋಡಿದ್ದಾಯ್ತು. ಅಲ್ಲಿಂದ ನಾವು ಹೆಂಗ್ ಕಾಣ್ತೀವಿ, ಒಂದ್ಸಲ ನೋಡ್ಬೇಕು. ಕೆಳಗಿನ ರೂಮಿಂದ ಏನ್ ಕಾಣ್ತದೆ, ಕಾಂಪೌಂಡು?'

ವನಜ ಆಗಲೇ ಫೋನು ಮಾಡಿ ಮೇಲಿನ ಕೋಣೆ ಕಾಯ್ದಿರಿಸಿದಳು.

ಹದಿನಾಲ್ಕು ಮೆಟ್ಟಿಲುಗಳಿದ್ದವು. ಅಮ್ಮ ಗೋಡೆ ಹಿಡಿದು ಒಂದೊಂದಾಗಿ ಹತ್ತಿದಳು. ಹಿಂದೆ ನಾನು ಎರಡೂ ಕೈ ಚಾಚಿಕೊಂಡು, ಅವಳಿಗಿಂತ ಹೆಚ್ಚು ಏದುಸಿರು ಬಿಡುತ್ತಾ ಏರಿದೆ. ಏಳನೆಯದರಲ್ಲಿ ಕುಳಿತು, 'ನೀನೂ ಸುಧಾರಿಸ್ಕೋ' ಎಂದು ನನಗೇ ಹೇಳಿದಳು. ಮಾರನೆಯ ಬೆಳಿಗ್ಗೆ ನಾನು ಎದ್ದು ಬಂದಾಗ ಅಮ್ಮನೂ ವನಜಾಳೂ ಬಾಲ್ಕನಿಯಲ್ಲಿದ್ದರು. ವನಜಾಳ ಕೈಯಲ್ಲಿ ಬೇರೆಯವರು ಮಾಡಿಕೊಟ್ಟ ಕಾಫಿ, ಮುಖದಲ್ಲಿ ನನಗೆ ಮರೆತೇಹೋಗಿದ್ದ ಒಂದು ಆರಾಮ. ಕೆಳಗೆ ಮಂಜು ಸರಿದು ಬಯಲು ತೆರೆದುಕೊಳ್ಳುತ್ತಿತ್ತು: ಒಂದೆರಡು ಕೆರೆಗಳ ಹೊಳಪು, ತೆಂಗಿನ ಸಾಲು, ಅದರಾಚೆ ಕಡೂರೂ ಯಗಟಿಯೂ ಇರಬೇಕಾದ ಕಡೆ ಬರೀ ಬೂದು ಬಣ್ಣ. ಅಮ್ಮ ಆ ಬೂದು ಬಣ್ಣವನ್ನೇ ನೋಡುತ್ತಿದ್ದಳು. ಕೊನೆಗೆ, 'ಎಷ್ಟ್ ಚಿಕ್ಕದಾಗ್ ಕಾಣ್ತೀವಿ ನೋಡೋ' ಎಂದಳು. ಸೆರಗನ್ನು ಸರಿಯಾಗಿ ಹೊದ್ದುಕೊಂಡು, 'ಆದ್ರೂ ಚೆನ್ನಾಗಿದೀವಿ ಕಣೋ' ಎಂದಳು. ನನಗೆ ಕಣ್ಣು ಮಂಜಾಯಿತು; ಕನ್ನಡಕದ ವ್ಯಾಪಾರಿಯಾದರೂ ಅದಕ್ಕೆ ನನ್ನಲ್ಲಿ ಗಾಜಿರಲಿಲ್ಲ.

ಆ ಕೋಣೆಯಲ್ಲೂ ಹಂಸವಿತ್ತು. ಬಿಚ್ಚಬೇಡಿರೆಂದು ಅಮ್ಮ ಅದನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಯಲ್ಲಿ ಕೂರಿಸಿ, ಮೂರು ದಿನವೂ ತನ್ನ ಹಳೆಯ ಸೀರೆಯ ತುಂಡಿನಲ್ಲೇ ಮೈ ಒರೆಸಿಕೊಂಡಳು. ಟವೆಲನ್ನು ಹಂಸವಾಗಿಸುವುದರ ಬಗ್ಗೆ ನನ್ನ ಅಭಿಪ್ರಾಯವೇನೂ ಬದಲಾಗಿಲ್ಲ. ಆದರೆ ಮೊನ್ನೆ ಸ್ನಾನಕ್ಕೆ ಹೊರಟಾಗ ತಂತಿಯ ಮೇಲೆ ನನ್ನ ಟವೆಲು ಇರಲಿಲ್ಲ. ಹುಡುಕಿದರೆ, ಅಮ್ಮನ ಮಂಚದ ಮೇಲೆ ಕತ್ತು ಸೊಟ್ಟ ಮಾಡಿಕೊಂಡು ಕುಳಿತಿತ್ತು. ಹಂಸಕ್ಕಿಂತ ಯಗಟಿಯ ಕುರಿಮರಿಯನ್ನೇ ಹೆಚ್ಚು ಹೋಲುತ್ತಿತ್ತು. ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, 'ಅಮ್ಮಾ, ಇದನ್ನ ಬಿಚ್ಚಲಾ?' ಎಂದು ಕೇಳಿದೆ.

'ಬ್ಯಾಡ ಕಣೋ, ಇನ್ನೊಂದ್ ತಗೋ' ಎಂದಳು. ಇನ್ನೊಂದನ್ನು ತೆಗೆದುಕೊಂಡೆ.