ಫೌಂಡ್ರಿಯ ಬೆಲ್ಲ

ಹುರುಳಿಕಾಳು ಬೇಯುವ ವಾಸನೆ ನಿಮಗೆ ಸೇರುತ್ತದೋ ಇಲ್ಲವೋ ನನಗೆ ತಿಳಿಯದು. ಸೇರದಿದ್ದರೂ ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ, ನನ್ನ ಹೆಂಡತಿಯೂ ನಿಮ್ಮ ಪಕ್ಷದವಳೇ. ಆ ವಾಸನೆ ಮೂಗಿಗೆ ಬಡಿದರೆ ಸಾಕು, "ಕುದುರೆ ಲಾಯದ ಹಾಗಾಯ್ತು, ಕಿಟಕಿ ತೆಗೀರಿ" ಎಂದು ಗದರುತ್ತಾಳೆ. ಅಂಥ ವಾಸನೆ ಮೊನ್ನೆ ಭಾನುವಾರ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಿಂದ ಘಮ್ಮೆಂದು ಬಂತು. ಜಾಲಹಳ್ಳಿ ಕ್ರಾಸಿನ ಹತ್ತಿರದ ಈ ಅಪಾರ್ಟ್‌ಮೆಂಟಿಗೆ ನಾವು ಬಂದದ್ದು ನನ್ನ ನಿವೃತ್ತಿಯ ಮೇಲೆ. ಇಲ್ಲಿ ಸಾಮಾನ್ಯವಾಗಿ ಪಿಜ್ಜಾದ ವಾಸನೆ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡುತ್ತಿರುತ್ತದೆ. ಇದೇನು ಹೊಸದು ಎಂದು ಇಳಿದು ಹೋದೆ. ಸಿರಿಧಾನ್ಯ ಹಬ್ಬವಂತೆ. ಹಸಿರು ಟೀ ಶರ್ಟಿನ ಹುಡುಗಿಯೊಬ್ಬಳು ನನ್ನ ಕೈಗೆ ಕಾಗದದ ಲೋಟ ಕೊಟ್ಟು, "ಟ್ರೈ ಮಾಡಿ ಅಂಕಲ್, ಹಾರ್ಸ್‌ಗ್ರಾಮ್ ಸೂಪ್. ಫುಲ್ ಪ್ರೋಟೀನು. ನಮ್ಮ ಪೂರ್ವಜರ ಸೀಕ್ರೆಟ್ಟು" ಎಂದಳು. ಇಡೀ ಬೀದಿಗೆ ಮೂಗಿನ ಮೂಲಕ ಗೊತ್ತಾಗುತ್ತಿದ್ದ ಹುರುಳಿಕಟ್ಟು ಯಾವಾಗ ಗುಟ್ಟಾಯಿತೋ ಕಾಣೆ. ಒಂದು ಗುಟುಕು ಕುಡಿದೆ. ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಇತ್ತು. ಆದರೆ ಎರಡನೆಯ ಗುಟುಕಿಗೆ ರುದ್ರಪ್ಪ ನೆನಪಾದ.

ರುದ್ರಪ್ಪ ಪೀಣ್ಯದ ನಮ್ಮ ಕಾರ್ಖಾನೆಯಲ್ಲಿದ್ದವನು. ನನ್ನದು ತಪಾಸಣೆ ವಿಭಾಗ, ಅಂದರೆ ಬೇರೆಯವರು ಮಾಡಿದ್ದರಲ್ಲಿ ಕೊಂಕು ಹುಡುಕಿ ಸಂಬಳ ಎಣಿಸುವ ಕೆಲಸ. ಆ ಚಾಳಿ ಮನೆಯಲ್ಲೂ ಬಿಟ್ಟಿಲ್ಲ ಎಂಬುದು ಹೆಂಡತಿಯ ದೂರು. ರುದ್ರಪ್ಪನದು ಮೆಷಿನ್ ಶಾಪು. ಊರು ಮಾದನಾಯಕನಹಳ್ಳಿ. ತುಮಕೂರು ರಸ್ತೆಯ ಅಕ್ಕಪಕ್ಕ ಗೋದಾಮುಗಳು ಏಳುವ ಮೊದಲಿನಿಂದಲೂ ಅಲ್ಲೇ ಬೇರೂರಿದ ಮನೆತನ. ಹಸು ಕಟ್ಟಿದ್ದ, ಒಂದಿಷ್ಟು ರಾಗಿ ಬೆಳೆಯುತ್ತಿದ್ದ, ಬೆಳಗಿನ ಪಾಳಿಗೆ ಲಡಾಸು ಮೊಪೆಡ್ಡಿನ ಮೇಲೆ ಬರುತ್ತಿದ್ದ. ಮಾತು ಒರಟು, ಮನಸ್ಸು ಮಗುವಿನದು. ಕ್ಯಾಂಟೀನಿನ ಊಟ ಮುಟ್ಟುತ್ತಿರಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಮುದ್ದೆ, ಡಬ್ಬಿಯಲ್ಲಿ ಹುರುಳಿ ಸಾರು ತಂದು, ನನ್ನ ಎದುರು ಕೂತು, ನನ್ನ ತಟ್ಟೆ ನೋಡಿ ಮರುಗುತ್ತಿದ್ದ. "ಸಾರ್, ಅದು ಸಾಂಬಾರಲ್ಲ, ಮೆಷಿನ್ ಆಯ್ಲು. ನಿಮ್ ಇನ್‌ಸ್ಪೆಕ್ಷನ್ ಬರೀ ಕಬ್ಬಿಣಕ್ಕೇ ಏನು?" ಎನ್ನುತ್ತಿದ್ದ.

ಕಾರ್ಖಾನೆಯ ಕ್ಯಾಂಟೀನು ಎಂದರೆ ನೀವು ಹೋಟೆಲಿನ ಲೆಕ್ಕದಲ್ಲಿ ನೋಡಬಾರದು. ಅದೊಂದು ರಾಜ್ಯ. ಅದಕ್ಕೊಂದು ಸಮಿತಿ, ಸಮಿತಿಗೆ ಚುನಾವಣೆ. ಕಾರ್ಮಿಕ ಸಂಘದ ಚುನಾವಣೆಗೂ ಇಲ್ಲದ ಕಾವು ಇದಕ್ಕೆ. ವಾರಕ್ಕೆ ಎರಡು ದಿನ ಸಿಹಿ ಕೊಡಿಸುತ್ತೇನೆಂದವನು ಗೆಲ್ಲುತ್ತಿದ್ದ, ಜೊತೆಗೆ ಕೋಳಿ ಎಂದರೆ ಎದುರಾಳಿಯ ಠೇವಣಿಯೂ ಹೋಗುತ್ತಿತ್ತು. ಸಿಹಿಯ ದಿನ ಕೊಟ್ಟ ಜಹಾಂಗೀರನ್ನು ಅಲ್ಲೇ ತಿನ್ನುವವರು ಕಡಿಮೆ, ಡಬ್ಬಿಯಲ್ಲಿಟ್ಟುಕೊಂಡು ಮನೆಗೆ ಒಯ್ಯುತ್ತಿದ್ದರು. ಅಪ್ಪ ಬಂದ ಕೂಡಲೇ ಮಕ್ಕಳು ಅಪ್ಪನ ಮುಖಕ್ಕಿಂತ ಮೊದಲು ಡಬ್ಬಿಯನ್ನು ನೋಡುತ್ತಿದ್ದವು. ಮನೆಗೆ ಒಯ್ಯದೆ ತಾನೇ ತಿಂದು, ಪಕ್ಕದವನದನ್ನೂ ಬೇಡಿ ತಿನ್ನುತ್ತಿದ್ದವನು ಒಬ್ಬನೇ, ಪುಟ್ಟಸ್ವಾಮಿ. ರುದ್ರಪ್ಪನ ಪಕ್ಕದ ಯಂತ್ರದವನು, ಜೀವದ ಗೆಳೆಯ. ಎಣ್ಣೆಯಲ್ಲಿ ಕರಿದದ್ದು, ಪಾಕದಲ್ಲಿ ಅದ್ದಿದ್ದು, ಎರಡನ್ನೂ ದೇವರೆಂದು ಕಾಣುತ್ತಿದ್ದ. ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದದ್ದು ಕಾಲಿನ ಗಾಯ ಮಾಯದೆ ಕೊಳೆತಾಗ. ಮೊದಲು ಬೆರಳು ಹೋಯಿತು, ಆಮೇಲೆ ಪಾದವೇ ಹೋಯಿತು.

ಆಸ್ಪತ್ರೆಯಲ್ಲಿ ಗೆಳೆಯನನ್ನು ನೋಡಿ ಬಂದ ರುದ್ರಪ್ಪ ನೇರ ಹೋಗಿ ಸಮಿತಿಯ ಚುನಾವಣೆಗೆ ಹೆಸರು ಕೊಟ್ಟ. ಗೇಟಿನ ಮುಂದೆ ಅವನು ಮಾಡಿದ ಭಾಷಣ ಇಷ್ಟೇ: "ಅಣ್ಣಂದಿರಾ, ನಾನು ಬಿರಿಯಾನಿ ಕೊಡ್ಸಾಕಿಲ್ಲ. ಒಲೆ ಮ್ಯಾಗಿರೋ ಆ ಕರೀ ಎಣ್ಣೇನ ಚೆಲ್ಲಿಸ್ತೀನಿ. ವಾರದಾಗೆ ಎರಡ್ ದಿನ ಮುದ್ದೆ ಮಾಡಿಸ್ತೀನಿ, ಸೊಪ್ಪು ಆಕಿಸ್ತೀನಿ. ಪುಟ್ಟಸ್ವಾಮಿ ಕಾಲು ಓಯ್ತು. ಇನ್ನೊಬ್ಬನ್ದು ಓಗೋದು ಬ್ಯಾಡ." ಸಿಹಿ, ಕೋಳಿಗಳ ಹೆಸರೆತ್ತದೆ ಆ ಚುನಾವಣೆ ಗೆದ್ದವನು ಅವನೊಬ್ಬನೇ. ಪುಟ್ಟಸ್ವಾಮಿಯ ಕಾಲು ಎಲ್ಲರ ಕಣ್ಣ ಮುಂದಿತ್ತು.

ಮುಂದಿನ ಕೆಲವು ತಿಂಗಳು ನಮ್ಮ ಕ್ಯಾಂಟೀನಿನ ಸತ್ಯಯುಗ ಎನ್ನಬೇಕು. ಕರೀ ಎಣ್ಣೆ ಮೋರಿ ಸೇರಿತು. ಅನ್ನ ಬೇಯಿಸಿಯೇ ಅಭ್ಯಾಸವಿದ್ದ ಅಡುಗೆಯವರು ಮುದ್ದೆಯ ಕೋಲು ಹಿಡಿದು ರುದ್ರಪ್ಪನ ಏಳು ತಲೆಮಾರಿಗೆ ಬೈದರು. ಮೊದಮೊದಲ ಮುದ್ದೆಗಳಲ್ಲಿ ಗಂಟು ಎಷ್ಟಿತ್ತೆಂದರೆ ತಪಾಸಣೆಯವನಾದ ನಾನು ಒಂದನ್ನೂ ಪಾಸು ಮಾಡುವಂತಿರಲಿಲ್ಲ. ಬರಬರುತ್ತಾ ಕೈ ಕುದುರಿತು. ಮುದ್ದೆಯನ್ನು ಅಗಿದು ತಿನ್ನಲು ಹೋಗಿ ಕಣ್ಣುಕಣ್ಣು ಬಿಡುತ್ತಿದ್ದ ಬೇರೆ ಸೀಮೆಯ ಹುಡುಗರಿಗೆ ಹಳಬರು ನುಂಗುವ ಪಾಠ ಹೇಳಿಕೊಟ್ಟರು. ಮೇಲಿನ ಮಹಡಿಯ ಆಫೀಸಿನವರೂ ಮುದ್ದೆಯ ದಿನ ಕೆಳಗಿಳಿದು ಬಂದು ಸಾಲಿನಲ್ಲಿ ನಿಂತರು. ಎರಡು ಸಿಹಿಗಳಲ್ಲಿ ಒಂದು ನಿಂತು ಸೀಬೆಹಣ್ಣು ಬಂತು. ಮಕ್ಕಳು ಮುಖ ಸಿಂಡರಿಸಿದವಂತೆ. "ಎರಡ್ ವಾರ ಅಳ್ತವೆ, ಮೂರನೇ ವಾರ ಕಚ್ತವೆ" ಎಂದ ರುದ್ರಪ್ಪ. ಹಾಗೇ ಆಯಿತು ಕೂಡ. ಪುಟ್ಟಸ್ವಾಮಿ ಊರುಗೋಲು ಹಿಡಿದು ಸ್ಟೋರಿನ ಹಗುರ ಕೆಲಸಕ್ಕೆ ಮರಳಿದ, ಗೆಳೆಯನ ಪಕ್ಕ ಕೂತು ಮುದ್ದೆ ಉಂಡ.

ಇಲ್ಲಿಗೇ ನಿಲ್ಲಿಸಿದರೆ ಇದನ್ನು ಯಾವುದಾದರೂ ಪಠ್ಯಪುಸ್ತಕಕ್ಕೆ ಹಾಕಬಹುದು. ಆದರೆ ಒಳ್ಳೆಯ ಮಾತು ಮೇಲಿನವರ ಕಿವಿಗೆ ಬಿದ್ದಾಗ ಏನಾಗುತ್ತದೆ ಎಂಬುದನ್ನು ಪಠ್ಯಪುಸ್ತಕ ಹೇಳುವುದಿಲ್ಲ.

ನಮ್ಮಲ್ಲೊಬ್ಬ ಸಿಬ್ಬಂದಿ ಅಧಿಕಾರಿಯಿದ್ದ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುವವನು. ಅವನು ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ ರುದ್ರಪ್ಪನಿಗೆ ಶಾಲು ಹೊದಿಸಿದ, ಕೈಗೆ ಮೈಕು ಕೊಟ್ಟ. ಶಾಲು ಹೊದ್ದವನಿಗೆ ಮೈಕು ಕೊಡಬಾರದು ನೋಡಿ. ರುದ್ರಪ್ಪ ಬೆವರುತ್ತಾ ನಿಂತು, "ಸಕ್ರೆ ಇಸ ಕಣ್ರಪ್ಪಾ. ಎಣ್ಣೆ, ಸಕ್ರೆ ಎರಡೂ ಕಮ್ಮಿ ಆಗ್ಬೇಕು. ಆರೋಗ್ಯ ಇದ್ರೆ ತಾನೆ ದುಡಿಮೆ?" ಎಂದ. ಅಧಿಕಾರಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ.

ಕಾರ್ಖಾನೆಗಳನ್ನು ನೋಡದವರಿಗೆ ಒಂದು ವಿಷಯ ಹೇಳಬೇಕು. ಎರಕ ಹೊಯ್ಯುವ ಫೌಂಡ್ರಿಯಲ್ಲಿ ಮರಳು, ಹೊಗೆ, ಕಬ್ಬಿಣದ ದೂಳು. ಅಲ್ಲಿ ದುಡಿಯುವವರಿಗೆ ಪಾಳಿಗೊಂದು ಅಚ್ಚು ಬೆಲ್ಲ ಕೊಡುವುದು ಹಳೆಯ ಪದ್ಧತಿ. ಬೆಲ್ಲ ತಿಂದರೆ ಗಂಟಲಿಗೆ ಹಿಡಿದ ದೂಳು ಇಳಿಯುತ್ತದೆ ಎಂಬ ನಂಬಿಕೆ. ವೈದ್ಯರು ಏನನ್ನುತ್ತಾರೋ ನಾನರಿಯೆ. ಫೌಂಡ್ರಿಯವರ ಮಟ್ಟಿಗೆ ಮಾತ್ರ ಅದು ತಿನಿಸಲ್ಲ, ಹಕ್ಕು. ಹಿಂದಿನವರು ಮುಷ್ಕರ ಹೂಡಿ ಪಡೆದದ್ದು. ಶಾಲಿನ ಸಮಾರಂಭವಾಗಿ ಹೆಚ್ಚು ದಿನ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಫೌಂಡ್ರಿಗೆ ಬೆಲ್ಲ ಬರಲಿಲ್ಲ. ರಾತ್ರಿಪಾಳಿಯವರ ಸಿಹಿ ಬನ್ನೂ ನಿಂತಿತು. ಬೆಲ್ಲದ ಡಬ್ಬವಿರುತ್ತಿದ್ದ ಜಾಗದ ಗೋಡೆಗೆ ಒಂದು ಪೋಸ್ಟರು ಬಂತು. ಅದರಲ್ಲಿ ಶಾಲು ಹೊದ್ದ ರುದ್ರಪ್ಪ ನಗುತ್ತಿದ್ದ, ಕೆಳಗೆ ಅವನದೇ ಮಾತು: ‘ಆರೋಗ್ಯ ಇದ್ದರೆ ತಾನೆ ದುಡಿಮೆ?’

ರುದ್ರಪ್ಪ ನನ್ನನ್ನೂ ಎಳೆದುಕೊಂಡು ಅಧಿಕಾರಿಯ ಕೋಣೆಗೆ ಓಡಿದ. "ಸ್ವಾಮಿ, ನಾನೇಳಿದ್ದು ಜಾಂಗೀರು. ಬೆಲ್ಲ ಅಲ್ಲ. ಅವರ ಬೆಲ್ಲ ಅವರಿಗೆ ಕೊಟ್ಬುಡಿ."

"ಕೂತ್ಕೊಳ್ಳಿ ರುದ್ರಪ್ಪ" ಎಂದ ಅಧಿಕಾರಿ. "ಬೆಲ್ಲದಲ್ಲಿ ಇರೋದೂ ಶುಗರ್ರೇ ಅಲ್ವಾ? ನೀವೇ ಎಲ್ರ ಮುಂದೆ ಹೇಳಿದ್ರಿ. ನಾವು ನಿಮ್ಮ ಮಾತನ್ನೇ ಇಂಪ್ಲಿಮೆಂಟ್ ಮಾಡಿದೀವಿ. ಈಗ ನೀವೇ ಬೇಡ ಅಂದ್ರೆ ಹೇಗೆ?"

ನಾನು ಬಾಯಿ ಹಾಕಿದೆ. ದೂಳಿನ ಮಾತೆತ್ತಿದೆ. "ಸಾರ್, ನೀವು ಓದಿದೋರು, ನೀವೂ ಇದನ್ನ ನಂಬ್ತೀರಾ?" ಎಂದು ಅಧಿಕಾರಿ ನಕ್ಕ. ರುದ್ರಪ್ಪನನ್ನು ಕರೆದುಕೊಂಡು ಹೊರಗೆ ಬಂದೆ.

ಆಮೇಲೆ ಸುದ್ದಿಗೆ ಕಾಲು ಬಂತು. ರುದ್ರಪ್ಪ ಮ್ಯಾನೇಜ್‌ಮೆಂಟಿಗೆ ಮಾರಿಕೊಂಡನಂತೆ, ಮುದ್ದೆ ಬಂದದ್ದೂ ಅದಕ್ಕೇ ಅಂತೆ, ಮಕ್ಕಳ ಸಿಹಿ ಕಿತ್ತದ್ದು ಮೊದಲ ಹೆಜ್ಜೆಯಂತೆ. ಮೊನ್ನೆಯವರೆಗೆ ಚಪ್ಪರಿಸಿ ಉಂಡವರೇ ಹೀಗೆ ಅಂದರು. ಅವರ ಸಿಟ್ಟು ಸುಳ್ಳಲ್ಲ, ಬೆಲ್ಲ ಹೋದದ್ದು ನಿಜ. ಆದರೆ ಮೇಲಿನ ಮಹಡಿ ಎತ್ತರದಲ್ಲಿತ್ತು, ರುದ್ರಪ್ಪನ ಮೇಜು ಹತ್ತಿರದಲ್ಲಿತ್ತು.

ಮುಂದಿನ ಮುದ್ದೆಯ ದಿನ ನಾನು ಅವನೆದುರು ಕೂತಿದ್ದೆ. ಫೌಂಡ್ರಿಯವನೊಬ್ಬ ತಟ್ಟೆ ಹಿಡಿದು ಬಂದು ತನ್ನ ಮುದ್ದೆಯನ್ನು ಎತ್ತಿ ರುದ್ರಪ್ಪನ ಮುಂದೆ ಮೇಜಿನ ಮೇಲೆ ಇಟ್ಟ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ. ಇಡೀ ಸಾಲೇ ಬಂತು. ಹಬೆಯಾಡುವ ಮುದ್ದೆಗಳು ಒಂದರ ಮೇಲೊಂದು ಬಿದ್ದು, ಅಂಟಿಕೊಂಡು, ಗುಡ್ಡೆಯಾದವು. ರುದ್ರಪ್ಪ ಗುಡ್ಡೆಯ ಹಿಂದೆ ಮರೆಯಾಗುತ್ತಾ ಹೋದ. ಕೊನೆಗೆ ಊರುಗೋಲಿನ ಸದ್ದು ಕೇಳಿಸಿತು. ಪುಟ್ಟಸ್ವಾಮಿ ಬಂದ. ಅವನು ಕೂರುತ್ತಾನೆ ಎಂದುಕೊಂಡು ನಾನು ಜಾಗ ಮಾಡಿದೆ. ಅವನು ಕೂರಲಿಲ್ಲ. ತನ್ನ ಮುದ್ದೆಯನ್ನೂ ಗುಡ್ಡೆಯ ಮೇಲಿಟ್ಟ.

"ನೀನೂ ಏನ್ಲಾ?" ಎಂದ ರುದ್ರಪ್ಪ.

"ನನ್ ಹೆಸ್ರೇಳಿ ಗೆದ್ಯಲ್ಲೋ" ಎಂದು ಪುಟ್ಟಸ್ವಾಮಿ ಹೊರಟುಹೋದ.

ರುದ್ರಪ್ಪ ಎದ್ದು ನಿಂತು ಎಲ್ಲರಿಗೂ ಕೈಮುಗಿದ. "ನನ್ನ ಬಯ್ರಪ್ಪಾ, ಒಡೀರಿ. ಮುದ್ದೆಗೆ ಅವಮಾನ ಮಾಡ್ಬ್ಯಾಡಿ" ಎಂದ. ಯಾರೂ ಉಣ್ಣಲಿಲ್ಲ. ಅವನು ಗೋಣಿಚೀಲ ತರಿಸಿ ಮುದ್ದೆಗಳನ್ನು ಒಂದೊಂದಾಗಿ ತುಂಬಿದ. ನಾನು ಚೀಲದ ಬಾಯಿ ಹಿಡಿದುಕೊಂಡೆ. ಸಂಜೆ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಹಸುಗಳಿಗೆ ಒಯ್ದ. ಅಳಲಿಲ್ಲ. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಮುಂದಿನ ಚುನಾವಣೆಯಲ್ಲಿ ಗೋಬಿ ಮಂಚೂರಿ ಗೆದ್ದಿತು. ಅಭ್ಯರ್ಥಿಯ ಹೆಸರು ನನಗೆ ಮರೆತಿದೆ, ಗೋಬಿಯದು ನೆನಪಿದೆ. ಮುದ್ದೆ ಹೋಯಿತು, ಕರೀ ಎಣ್ಣೆ ಬಂತು, ಸಿಹಿ ಬಂತು. ಬೆಲ್ಲ ಮಾತ್ರ ಮರಳಿ ಬರಲೇ ಇಲ್ಲ, ಅದನ್ನು ಕೇಳುವುದು ಗೆದ್ದವನಿಗೂ ನೆನಪಾಗಲಿಲ್ಲ. ರುದ್ರಪ್ಪ ಸ್ವಯಂ ನಿವೃತ್ತಿ ತೆಗೆದುಕೊಂಡ. ಬಿಟ್ಟು ಹೋಗುವವರನ್ನು ಹಾರ ಹಾಕಿ ತಮಟೆ ಬಡಿದು ಗೇಟಿನವರೆಗೆ ಕರೆದೊಯ್ಯುವುದು ನಮ್ಮಲ್ಲಿನ ವಾಡಿಕೆ. ಅವನ ಜೊತೆ ಗೇಟಿನ ತನಕ ನಡೆದವನು ನಾನೊಬ್ಬ, ತಮಟೆ ಇರಲಿಲ್ಲ. ಕೆಲವು ವರ್ಷಗಳ ಮೇಲೆ ಅವನು ತೀರಿಕೊಂಡ ಸುದ್ದಿ ಬಂತು. ಒಳ್ಳೆಯದನ್ನು ತಿನ್ನಿ ಎಂದು ಹೇಳಿದ್ದಕ್ಕೆ ಒಬ್ಬ ಮನುಷ್ಯ ಜೊತೆಗಾರರನ್ನೆಲ್ಲ ಕಳೆದುಕೊಂಡ. ಇದನ್ನು ನೆನೆದಾಗಲೆಲ್ಲ ನನಗೆ ಆ ಅಧಿಕಾರಿಯ ಮೇಲೂ ಸಿಟ್ಟು, ಆ ಸಾಲಿನ ಮೇಲೂ ಸಿಟ್ಟು.

ಕ್ಲಬ್‌ಹೌಸಿನಲ್ಲಿ ಸೂಪಿನ ಲೋಟ ಹಿಡಿದು ಇದೆಲ್ಲ ಮೆಲುಕು ಹಾಕುತ್ತಿದ್ದಾಗ ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ನನ್ನನ್ನು ಕಂಡ. ಒಳ್ಳೆಯ ಯುವಕ, ಬೆಳಿಗ್ಗೆ ಓಡುತ್ತಾನೆ. "ಅಂಕಲ್, ಸೀನಿಯರ್ಸ್ ಪರವಾಗಿ ಎರಡು ಮಾತು" ಎಂದು ಮೈಕು ಕೊಟ್ಟ. ಬೇಡವೆನ್ನಬಹುದಿತ್ತು. ಆದರೆ ಮನಸ್ಸು ಕುದಿಯುತ್ತಿತ್ತು. ನಮ್ಮ ಗೇಟಿನಲ್ಲಿ ಯಾದಗಿರಿ ಕಡೆಯ ಶರಣಪ್ಪ ಎಂಬ ಕಾವಲುಗಾರನಿದ್ದಾನೆ. ಊರಲ್ಲಿ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ ತಿಂದು ಬೆಳೆದವನು. ಇಲ್ಲಿ ಬಾಡಿಗೆ ರೂಮಿನಲ್ಲಿ ಬಿಳಿ ಅನ್ನ, ಪಾಳಿಯಲ್ಲಿ ಬಿಸ್ಕತ್ತು, ಅಪಾರ್ಟ್‌ಮೆಂಟು ಕೊಡುವ ಚಹಾ. ನಾನು ಹೇಳಿದ್ದು ಇದನ್ನೇ: "ನಾವು ಸಿರಿಧಾನ್ಯದ ಹಬ್ಬ ಮಾಡ್ತಿದ್ದೇವೆ. ಅದನ್ನೇ ತಿಂದು ಬೆಳೆದವರು ನಮ್ಮ ಗೇಟಿನಲ್ಲಿ ಬಿಸ್ಕತ್ತು, ಚಹಾದಲ್ಲಿ ದಿನ ತಳ್ಳುತ್ತಿದ್ದಾರೆ. ಅವರ ಆರೋಗ್ಯವೂ ನಮ್ಮ ಜವಾಬ್ದಾರಿ. ಅವರಿಗೊಂದು ಹೊತ್ತಿನ ಒಳ್ಳೆಯ ಊಟ ಕೊಡೋಣ."

ಚಪ್ಪಾಳೆ ಬಿತ್ತು. ಕಾರ್ಯದರ್ಶಿಯ ಕಣ್ಣು ತುಂಬಿಬಂದಿತ್ತು, ಅದು ನಾಟಕವಲ್ಲ. "ಎಂಥಾ ಪಾಯಿಂಟು ಅಂಕಲ್! ನಾವ್ಯಾರೂ ಯೋಚನೇನೇ ಮಾಡಿರ್ಲಿಲ್ಲ" ಎಂದು ನನ್ನ ಕೈ ಕುಲುಕಿದ. ನಾನು ಉಬ್ಬಿ ಮನೆಗೆ ಬಂದು ಹೆಂಡತಿಯೆದುರು ಇನ್ನೊಮ್ಮೆ ಭಾಷಣ ಮಾಡಿದೆ.

ಮಂಗಳವಾರ ಬೆಳಿಗ್ಗೆ ಹಾಲು ತರಲು ಹೊರಟೆ. ಶರಣಪ್ಪ ಗೇಟಿನ ಬಳಿ ಕುರ್ಚಿಯಲ್ಲಿ ಕೂತಿದ್ದ. ಹನ್ನೆರಡು ಗಂಟೆಯ ಪಾಳಿ ಮುಗಿಯುವ ಹೊತ್ತು, ಕಣ್ಣು ಕೆಂಪಾಗಿತ್ತು. ಪಕ್ಕದಲ್ಲಿ ಚಹಾದ ಲೋಟ ತುಂಬಿದಂತೆಯೇ ಆರಿತ್ತು.

"ಏನಪ್ಪ, ಚಹಾ ಕುಡಿದಿಲ್ಲ?" ಎಂದೆ.

"ಸಕ್ರಿ ಬಂದ್ ಮಾಡ್ಯಾರ್ರಿ ಸರ್, ನಿನ್ನಿಯಿಂದ. ಬಿಸ್ಕೀಟೂ ಇಲ್ರಿ."

"ಊಟ? ಊಟ ಕೊಡ್ತಾರಂತಲ್ಲ?"

"ಊಟದ್ದು ಯಾರೂ ಏನೂ ಹೇಳಿಲ್ರಿ" ಎಂದ. ನನ್ನ ಚಪ್ಪಲಿ ನೋಡುತ್ತಾ ಕೇಳಿದ. "ನೀವ ಹೇಳಿದ್ರಂತಲ್ರಿ ಸರ್?"

"ನಾನು ಹೇಳಿದ್ದು ಅದಲ್ಲಪ್ಪ" ಎಂದೆ. ಹೇಳುತ್ತಿರುವಾಗಲೇ ಆ ಮಾತಿಗೆ ಬೆಲೆಯಿಲ್ಲವೆಂದು ನನಗೆ ಗೊತ್ತಾಯಿತು. ಅವನು ಎದ್ದು, ಆರಿದ ಚಹಾವನ್ನು ಗಿಡದ ಬುಡಕ್ಕೆ ಚೆಲ್ಲಿ, ನನಗೆ ಗೇಟು ತೆಗೆದ. ದಿನಾ "ಹೋಗಿ ಬರ್ರಿ ಸರ್" ಎನ್ನುತ್ತಿದ್ದವನು ಅಂದು ಖಾಲಿ ಲೋಟವನ್ನು ಕುರ್ಚಿಯ ಕೆಳಗೆ ಬೋರಲು ಹಾಕಿ ಕೂತ.